ಬೀದರದ ಏರು ಇಳಿವು

ಬೀದರವನ್ನು ಗುಡ್ಡದ ಊರೆಂದು ಕರೆದರೆ ಅಲ್ಲಿ ನೆಲಸಿದವರು ನಕ್ಕಾರು. ಚೌಬಾರದಿಂದ ಮಹಮೂದ ಗವಾನನ ಮದರಸೆಗೆ, ಮದರಸೆಯಿಂದ ಕೋಟೆಯ ಬಾಗಿಲಿಗೆ, ಮತ್ತೆ ಪಡುವಲಲ್ಲಿ ನೌಬಾದಿನವರೆಗೆ ನಡೆದವನಿಗೆ ನೆಲವು ಮಟ್ಟಸವಾಗಿಯೇ ತೋರುವುದು. ಆದರೆ ಊರಿನಿಂದ ಮೂಡಲಿಗಾಗಲಿ ಬಡಗಲಿಗಾಗಲಿ ಅರೆ ಹರದಾರಿ ಹೋಗಿ ಹಿಂತಿರುಗಿದವನು ಹಾಗೆನ್ನನು. ಸಮುದ್ರಮಟ್ಟದಿಂದ ಸುಮಾರು ೨,೩೦೦ ಅಡಿ ಎತ್ತರದಲ್ಲಿ ಬಯಲಾಗಿ ಚಾಚಿಕೊಂಡು ಬಂದ ದಿಣ್ಣೆಯು ಮಂಜರಾ ನದಿಯ ಕೊಳ್ಳದ ಕಡೆಗೆ ತಟ್ಟನೆ ಮುರಿದು ನಿಲ್ಲುವುದಷ್ಟೆ. ಆ ಮುರಿದ ಅಂಚಿನ ಮೇಲೆ ಬೀದರವಿರುವುದು. ಈ ಅಂಚನ್ನು ಬಿಟ್ಟು ಬೀದರದ ಚರಿತ್ರೆಯನ್ನು ಹೇಳಹೊರಟರೆ ಅರಸರ ಹೆಸರುಗಳೂ ಗುಮ್ಮಟಗಳ ಅಳತೆಗಳೂ ಉಳಿಯುವುವೇ ಹೊರತು, ಆ ಅರಸರು ಇಲ್ಲಿಗೇಕೆ ಬಂದರು, ಬಂದವರು ಏನು ಕುಡಿದು ಬದುಕಿದರು ಎಂಬುದು ತಿಳಿಯುವುದಿಲ್ಲ.

ಬೀದರದ ಕಟ್ಟೋಣಗಳನ್ನು ಕುರಿತು ಗುಲಾಮ ಯಾಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವನ್ನು ಮೀರಿಸುವಂಥದು ಇನ್ನೂ ಬಂದಂತಿಲ್ಲ. ಅವರು ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದವರು. ಕಲ್ಲು ಕಲ್ಲನ್ನೂ ಅಳೆದು ನೋಡಿದವರು. ಆದರೆ ಗ್ರಂಥವನ್ನು ಓದಿ ಮೋಟಾರು ಗಾಡಿಯಲ್ಲಿ ಬರುವವನು ಒಂದು ಕಟ್ಟಡದ ಬಾಗಿಲಲ್ಲಿಳಿದು ಇನ್ನೊಂದರ ಬಾಗಿಲಲ್ಲಿ ಹತ್ತುವನು. ನಡುವಿನ ನೆಲವು ಅವನ ಲೆಕ್ಕಕ್ಕೆ ಬರುವುದಿಲ್ಲ. ಕಾಲ್ನಡೆಯೇ ಲೇಸೆಂದರೆ, ಇಲ್ಲಿಯ ಬೇಸಗೆ ಎಂಥದೆಂಬುದನ್ನು ಬಲ್ಲವರು ಒಪ್ಪರು. ಬೆಂಗಳೂರಿನಂತಹ ನಗರಗಳಲ್ಲಿ ಬಾಡಿಗೆಗೆ ದೊರೆಯುವ ವಿದ್ಯುತ್ ಬೈಸಿಕಲ್ಲು ಈಗ ಸಾಮಾನ್ಯವಾಗಿದೆ. ಅದರ ಯಂತ್ರದ ಶಕ್ತಿ ೨೫೦ ವ್ಯಾಟನ್ನೂ ವೇಗವು ಗಂಟೆಗೆ ೨೫ ಕಿಲೋಮೀಟರನ್ನೂ ಮುಟ್ಟದಿದ್ದರೆ ಕಾಯಿದೆಯು ಅದನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಸವಾರನಿಗೆ ಪರವಾನಗಿಯೂ ಬೇಡ. ಇಂಥ ಒಂದು ಗಾಡಿಯನ್ನು ಬಾಡಿಗೆಗೆ ಹಿಡಿದು ಎರಡು ದಿನ ಬೀದರವನ್ನು ಸುತ್ತಿದೆನು. ಸದ್ದಿಲ್ಲದಿರುವುದು ಅದರ ಒಂದು ಗುಣ. ಇನ್ನೊಂದನ್ನು ನಾನು ನಿರೀಕ್ಷಿಸಿರಲಿಲ್ಲ: ಬ್ಯಾಟರಿಯಲ್ಲಿ ಉಳಿದ ಶಕ್ತಿಯನ್ನು ತೋರಿಸಲು ಹಿಡಿಯ ಮೇಲೆ ಸಣ್ಣ ದೀಪಗಳ ಒಂದು ಸಾಲಿರುವುದು, ಏರಿನಲ್ಲಿ ಅವು ಒಂದೊಂದಾಗಿ ನಂದುವುವು. ಕಣ್ಣಿಗೆ ಮಟ್ಟಸವಾಗಿ ಕಂಡ ದಾರಿಯು ಮಟ್ಟಸವಲ್ಲವೆಂದು ಈ ದೀಪಗಳು ಎಷ್ಟೋ ಸಾರಿ ಹೇಳಿದುವು.

ಬಹಮನಿ ರಾಜ್ಯವು ೧೩೪೭ರಲ್ಲಿ ಹುಟ್ಟಿ ಕಲಬುರ್ಗಿಯಲ್ಲಿ ಬೆಳೆಯಿತು. ೧೪೨೨ರಲ್ಲಿ ಪಟ್ಟವೇರಿದ ಅಹಮದ ಶಾಹನು ರಾಜಧಾನಿಯನ್ನು ಬೀದರಕ್ಕೆ ತಂದನು. ಬೇಟೆಗೆ ಬಂದಾಗ ನರಿಯೊಂದು ನಾಯಿಗಳನ್ನೇ ತಿರುಗಿ ಅಟ್ಟಿತೆಂದೂ, ಇದು ವೀರಭೂಮಿಯೆಂದು ಅರಸನು ಮೆಚ್ಚಿದನೆಂದೂ ಕಥೆಯಿದೆ. ಈ ನರಿಯೋ ಇದರ ನಂಟನಾದ ಮೊಲವೋ ವಿಜಯನಗರದಲ್ಲಿಯೂ ಅಹಮದಾಬಾದಿನಲ್ಲಿಯೂ ಓಡಾಡಿದ್ದನ್ನು ಬಲ್ಲ ವಾಚಕರು ಅದನ್ನು ನಂಬಬೇಕಾದುದಿಲ್ಲ. ಕೋಟೆಯ ಬಡಗಣ ಗೋಡೆಯ ಬಳಿ ನಿಂತು ಕೆಳಗೆ ನೋಡಿದರೆ ಕಾರಣವು ತಾನಾಗಿಯೇ ಕಾಣುವುದು. ಬಡಗು ಮೂಡು ದಿಕ್ಕುಗಳಲ್ಲಿ ನೆಲವೇ ಗೋಡೆಯಾಗಿ ಇಳಿದಿದೆ. ಬಯಲಿನಲ್ಲಿ ಏಳುವ ಧೂಳು ದಂಡಿನದೋ ಹಸುವಿನ ಹಿಂಡಿನದೋ ಎಂಬುದನ್ನು ಇಲ್ಲಿಂದ ಬಹು ದೂರದಲ್ಲಿಯೇ ತಿಳಿಯಬಹುದು. ಕೋಟೆಯೊಳಗಣ ಸೋಳಾ ಖಂಬ ಮಸೀದಿಯ ಶಾಸನವು ಸುಮಾರು ೧೪೨೪ರದು. ಕೋಟೆಯು ಮುಗಿದುದು ೧೪೩೨ರ ಸುಮಾರಿಗೆ. ಇಷ್ಟು ಬೇಗ ಕಟ್ಟಿದುದಕ್ಕೂ ನೆಲವೇ ನೆರವಾಯಿತೆನ್ನಬಹುದು. ಅಗೆದ ಮುರಕಲ್ಲನ್ನೇ ಎತ್ತಿ ಗೋಡೆಗಿಟ್ಟರೆ ಕಂದಕವೂ ಗೋಡೆಯೂ ಒಂದೇ ಕೆಲಸದಲ್ಲಿ ಆಗುವುವು.

ತೆಂಕಲಿಗೂ ಪಡುವಲಿಗೂ ಮಾತ್ರ ನೆಲವು ಮೋಸಮಾಡಿದೆ. ಅಲ್ಲಿ ಕೋಟೆಯೂ ಅದರ ಹೊರಗಣ ದಿಣ್ಣೆಯೂ ಒಂದೇ ಮಟ್ಟ. ಪ್ರಕೃತಿಯು ಕೊಡದ ಪ್ರಪಾತವನ್ನು ಉಳಿಯಿಂದ ಮಾಡಬೇಕಾಯಿತು. ಬೀದರದ ಹೆಸರಾಂತ ಮೂರು ಸಾಲಿನ ಕಂದಕವು ಈ ಕಡೆಯಲ್ಲಿಯೇ ಇರುವುದೆಂಬುದನ್ನು ಮರೆಯಬಾರದು. ಇಡಿಯ ಬಂಡೆಯನ್ನು ಕಡಿದು, ನಡುವೆ ಎರಡು ಗೋಡೆಗಳನ್ನು ಹಾಗೆಯೇ ಬಿಟ್ಟು, ಮೂರು ಕಾಲುವೆಗಳನ್ನು ಇಳಿಸಿದ್ದಾರೆ. ೧೫೦೩ರ ಶಾಸನವಿರುವ ಶರ್ಜಾ ದರವಾಜೆಯನ್ನೂ ಒಳಗಣ ಗುಂಬದ್ ದರವಾಜೆಯನ್ನೂ ದಾಟುವ ದಾರಿಯು ಬಳಸಿ ಬಳಸಿ ಹೋಗುವುದು. ಆನೆಕುದುರೆಗಳು ರಭಸದಿಂದ ನುಗ್ಗದಿರಲೆಂಬ ಉಪಾಯವಿದು. ಬೈಸಿಕಲ್ಲಿನವನೂ ಅಲ್ಲಿ ಇಳಿದು ತಳ್ಳಬೇಕು.

ಅಷ್ಟಾದರೂ ಕೋಟೆಯು ಉಳಿಯಲಿಲ್ಲ. ಬಹಮನಿಗಳ ತರುವಾಯ ಬರೀದಶಾಹಿಗಳು ಆಳಿದರು. ೧೬೧೯ರಲ್ಲಿ ಬೀದರವು ಬಿಜಾಪುರದವರ ವಶವಾಯಿತು. ೧೬೫೭ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಫಿರಂಗಿಗಳೊಡನೆ ಬಂದು ಮುತ್ತಿದನು. ಬಹುಕಾಲದಿಂದ ಕಿಲ್ಲೇದಾರನಾಗಿದ್ದ ಸಿದ್ದಿ ಮರ್ಜಾನನು ೨೭ ದಿನ ಕಾದಿದನು. ಬುರುಜಿನ ಹಿಂದೆ ಕೂಡಿಟ್ಟ ಮದ್ದಿಗೆ ಕಿಡಿ ಬಿದ್ದು, ಅವನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು. ಸಾಯುವ ಹೊತ್ತಿಗೆ ಅವನು ಕೋಟೆಯ ಕೀಲಿಕೈಗಳನ್ನು ಕಳುಹಿಸಿಕೊಟ್ಟನು. ಮದ್ದಿನ ಹಗೆತನವು ಅಲ್ಲಿಗೂ ಮುಗಿಯಲಿಲ್ಲ. ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸೆಯು ೧೬೯೬ರಲ್ಲಿ ಇಂತಹದೇ ಒಂದು ಸ್ಫೋಟಕ್ಕೆ ಈಡಾಗಿ, ಮುಂಭಾಗದ ಅರ್ಧವನ್ನೂ ಒಂದು ಮಿನಾರನ್ನೂ ಕಳೆದುಕೊಂಡಿತು. ಉಳಿದ ಮಿನಾರಿನ ಬಣ್ಣದ ಹೆಂಚುಗಳನ್ನು ನೋಡುತ್ತ ನಿಂತವನಿಗೆ ಕಳೆದುದರ ಬೆಲೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಅಷ್ಟೂರಿನ ದಾರಿಯು ಅಂಚಿನಿಂದ ಕೆಳಗಿಳಿಯುವ ದಾರಿ. ದುಲ್ಹನ್ ದರವಾಜೆಯಿಂದ ಹೊರಬಿದ್ದು, ಖಲೀಲುಲ್ಲಾನ ಚೌಖಂಡಿಯನ್ನು ಹಾದು, ಯಂತ್ರವನ್ನು ಮುಟ್ಟದೆಯೇ ಗಾಡಿಯು ಇಳಿದು ಹೋಗುವುದು. ಬಹಮನಿ ಅರಸರ ಗೋರಿಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ೧೪೩೬ರಲ್ಲಿ ತೀರಿಕೊಂಡ ಅಹಮದ ಶಾಹನ ಗೋರಿಯ ಒಳಗೋಡೆಗಳ ಬಣ್ಣದ ಚಿತ್ತಾರವು ಇಂದಿಗೂ ಮಾಸಿಲ್ಲ. ಈ ಅರಸನನ್ನು ಮುಸಲ್ಮಾನರು ವಲಿಯೆಂದೂ ಹಿಂದುಗಳು ಅಲ್ಲಮಪ್ರಭುವೆಂದೂ ಭಾವಿಸಿ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಕೂಡುವರು. ಹುಮಾಯೂನನ ಗುಮ್ಮಟವು ೧೮೮೨ರಲ್ಲಿ ಸಿಡಿಲೆರಗಿ ಸೀಳಿಹೋಯಿತು. ಗುಮ್ಮಟವೊಂದನ್ನು ಕಟ್ಟುವ ಬಗೆಯನ್ನು ಅದರ ಒಡಕಿನಲ್ಲಿ ಕಂಡಂತೆ ಬೇರೆಲ್ಲಿಯೂ ಕಾಣಲಾರೆವು. ಬರೀದಶಾಹಿಗಳಾದರೋ ತಮ್ಮ ಗೋರಿಗಳನ್ನು ಪಡುವಲಲ್ಲಿ, ದಿಣ್ಣೆಯ ಮೇಲೆಯೇ ಕಟ್ಟಿಕೊಂಡರು. ಒಂದು ಮನೆತನದವರು ಇಳಿದು ಮಲಗಿದರು, ಇನ್ನೊಂದು ಮನೆತನದವರು ಮೇಲೆಯೇ ಉಳಿದರು.

ಅಷ್ಟೂರಿನಿಂದ ಊರಿಗೆ ಹಿಂತಿರುಗುವ ಏರಿನಲ್ಲಿ ದೀಪಗಳು ನಂದತೊಡಗಿದಾಗ ನನಗೆ ಅಫನಾಸಿ ನಿಕಿತಿನನ ನೆನಪಾಯಿತು. ರಷ್ಯಾದೇಶದ ತ್ವೇರ್ ಎಂಬ ಊರಿನ ಈ ವರ್ತಕನು ೧೪೭೦ರ ಸುಮಾರಿಗೆ ಮಾರುವುದಕ್ಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿಗೆ ಅದನ್ನು ಕಳೆದುಕೊಂಡು, ಮತ್ತೆ ಪಡೆದು, ಬೀದರದಲ್ಲಿ ಮಾರಿದನು. ಅಷ್ಟರೊಳಗೆ ಮೇವಿಗೆ ಎಷ್ಟು ವೆಚ್ಚವಾಯಿತೆಂಬುದನ್ನು ಬರೆದಿಡಲು ಅವನು ಮರೆಯಲಿಲ್ಲ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಒಳಹೋಗುವವರ ಹೆಸರನ್ನು ಲೇಖಕರು ಬರೆದುಕೊಳ್ಳುವರೆಂದೂ ಹೇಳಿ, ಅಮೀರರ ವೈಭವದ ಪಕ್ಕದಲ್ಲಿಯೇ ಹಳ್ಳಿಗರ ಬಡತನವನ್ನೂ ಗುರುತಿಸಿದನು. ಅವನ ಕಾಲದಲ್ಲಿ ರಾಜ್ಯದ ಮಂತ್ರಿಯಾಗಿದ್ದ ಗವಾನನೂ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದವನೇ. ೧೪೮೧ರಲ್ಲಿ ಅರಸನು ಸುಳ್ಳು ಪತ್ರವೊಂದನ್ನು ನಂಬಿ ಅವನನ್ನು ಕೊಲ್ಲಿಸಿದ ಮೇಲೆ ರಾಜ್ಯವು ಒಡೆಯಲು ಬಹುಕಾಲ ಹಿಡಿಯಲಿಲ್ಲ.

ಇನ್ನು ನೀರಿನ ಮಾತು. ದಿಣ್ಣೆಯ ಮೇಲೆ ಹೊಳೆಯಿಲ್ಲ. ಆದರೆ ಮುರಕಲ್ಲು ತೂತು ತೂತಾದ ಕಲ್ಲು. ಮಳೆಯ ನೀರನ್ನು ಅರಿವೆಯಂತೆ ಹೀರಿಕೊಳ್ಳುವುದು. ಅದರ ಅಡಿಯಲ್ಲಿರುವ ಕರಿಗಲ್ಲು ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಎರಡು ಕಲ್ಲುಗಳ ಸಂದಿನಲ್ಲಿ ಹರಿದ ನೀರು ದಿಣ್ಣೆಯ ಅಂಚು ಮುರಿದಲ್ಲಿ ಊಟೆಯಾಗಿ ಹೊರಬರುವುದು. ಬೀದರದ ಪುಣ್ಯಸ್ಥಳಗಳನ್ನು ಗಾಡಿಯ ಮೇಲೆ ಒಂದೊಂದಾಗಿ ನೋಡಿ ಬನ್ನಿರಿ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ಪಾಪನಾಶದಲ್ಲಿ ಶಿವಾಲಯದ ಪಕ್ಕದಲ್ಲಿಯೇ ಹೊಂಡ. ಗುರುನಾನಕ ಝಿರಾದಲ್ಲಿ ಗುರುಗಳು ಕಾಲಿನಿಂದ ಕಲ್ಲನ್ನು ಸರಿಸಲು ಸಿಹಿನೀರು ಚಿಮ್ಮಿತೆಂದು ಸಿಖ್ಖರ ನಂಬಿಕೆ. ಈಗಿನ ಗುರುದ್ವಾರವು ೧೯೪೮ರದು. ಖಾಲ್ಸಾ ಪಂಥದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ ಸಿಂಗರು ಈ ಊರಿನವರೇ. ಬೇರೆ ಬೇರೆ ಮತದವರು ಕೈಮುಗಿದ ಈ ಎಡೆಗಳೆಲ್ಲ ದಿಣ್ಣೆಯ ಒಂದೇ ಅಂಚಿನ ಉದ್ದಕ್ಕೂ ಇವೆ. ಒಂದೇ ಸಂದಿನ ನೀರು.

ಅಂಚಿನವರೆಗೆ ಕಾಯದೆ ಆ ನೀರನ್ನು ನಡುವಿನಲ್ಲಿಯೇ ಹಿಡಿದ ಕೆಲಸವು ನೌಬಾದಿನಲ್ಲಿರುವುದು. ಅದನ್ನು ಹೇಳುವ ಮೊದಲು ಭಾಲ್ಕಿ ಔರಾದಗಳ ಕಡೆಗೊಮ್ಮೆ ಹೋಗಿಬರಬೇಕು. ಏಕೆಂದರೆ ದಿಣ್ಣೆಯ ಮೇಲಿನ ನೀರಿನ ಬೆಲೆಯು ಕೆಳಗಿನ ನಾಡನ್ನು ಕಂಡಮೇಲೆಯೇ ತಿಳಿಯುವುದು.

ಭಾಲ್ಕಿಯು ಬೀದರಕ್ಕೆ ಸುಮಾರು ೪೦ ಕಿಲೋಮೀಟರು ದೂರ. ಬಾಡಿಗೆಯ ಬೈಸಿಕಲ್ಲನ್ನು ನಂಬಿ ಹೋಗಿಬರುವ ದೂರವಲ್ಲ. ರೈಲಿನಲ್ಲಿ ಹೋಗುವುದು ಲೇಸು. ದಿಣ್ಣೆಯಿಂದ ಇಳಿದೊಡನೆ ಕೆಂಪು ನೆಲವು ಮುಗಿದು ಎರೆಯ ನೆಲವು ತೊಡಗುವುದು. ಭಾಲ್ಕಿಯಲ್ಲಿ ಭಾಲ್ಕೇಶ್ವರನ ಗುಡಿಯೂ ಹಾಳುಬಿದ್ದ ಮಣ್ಣಿನ ಕೋಟೆಯೂ ಉಂಟು. ಆದರೆ ಆ ಊರನ್ನು ಕನ್ನಡಿಗರು ನೆನೆಯಬೇಕಾದುದು ಹಿರೇಮಠಕ್ಕಾಗಿ. ಕಮಲನಗರದಲ್ಲಿ ೧೮೯೦ರಲ್ಲಿ ಹುಟ್ಟಿ ೧೯೯೯ರವರೆಗೆ ಬಾಳಿದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಇಲ್ಲಿಯ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗೆ ಉರ್ದು ಹಲಗೆ, ಒಳಗೆ ಕನ್ನಡ ಪಾಠ ಎಂದು ಜನರು ಈಗಲೂ ಹೇಳಿಕೊಳ್ಳುವರು. ೧೯೫೬ರಲ್ಲಿ ಹೈದರಾಬಾದು ಸಂಸ್ಥಾನವು ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯಲ್ಲಿ ಉದಗೀರ ನಿಲಂಗಗಳು ಮರಾಠಿ ನಾಡಿಗೂ ಜಹೀರಾಬಾದ ನಾರಾಯಣಖೇಡಗಳು ತೆಲುಗು ನಾಡಿಗೂ ಸೇರಿ, ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಕನ್ನಡ ನಾಡಿಗೆ ಉಳಿದುದರಲ್ಲಿ ಈ ಪಾಠಶಾಲೆಗಳ ಪಾತ್ರವು ಸಣ್ಣದೆಂದು ನಾನು ಎಣಿಸೆನು.

ಔರಾದಕ್ಕೆ ಹೋಗುವ ದಾರಿಯು ಜನವಾಡದ ಮೇಲೆ ಹಾದು ಕೌಠಾದ ಬಳಿ ಮಂಜರೆಯನ್ನು ದಾಟುವುದು. ಕರ್ನಾಟಕದ ತೀರ ಬಡಗಣ ತುದಿಯಿದು. ಅಮರೇಶ್ವರನ ಗುಡಿಯೂ ಕಪ್ಪು ಬಿಳುಪಿನ ದೇವಣಿ ಎತ್ತುಗಳೂ ಈ ನಾಡಿನ ಹೆಮ್ಮೆ. ಎರೆಯ ನೆಲವು ನೀರನ್ನು ಹಿಡಿದಿಟ್ಟುಕೊಂಡರೂ ಬಾವಿಗೆ ಕೊಡುವುದರಲ್ಲಿ ಜಿಪುಣ. ಮಳೆ ತಪ್ಪಿದ ವರ್ಷ ಔರಾದದ ಹಳ್ಳಿಗಳಲ್ಲಿ ನೀರಿನ ಗಾಡಿಗಾಗಿ ಕೊಡಗಳ ಸಾಲು ಕಾಯುವುದನ್ನು ಈ ಭಾಗದವರೆಲ್ಲರೂ ಬಲ್ಲರು.

ಭಾಲ್ಕಿಯ ಕಡೆಯಿಂದ ರಸ್ತೆಯಲ್ಲಿ ಬಂದರೆ ಬೀದರದಲ್ಲಿ ಮೊದಲು ಸಿಕ್ಕುವುದು ನೌಬಾದು. ಇಲ್ಲಿಯ ಸುರಂಗಬಾವಿಯು ಪಾರಸೀಕರು ಕರೇಜ್ ಎನ್ನುವ ಜಾತಿಯ ಜಲಮಾರ್ಗ. ದಿಣ್ಣೆಯ ಹೊಟ್ಟೆಯಲ್ಲಿ ಸುಮಾರು ೩ ಕಿಲೋಮೀಟರು ಉದ್ದಕ್ಕೆ, ಅತಿ ಸಣ್ಣ ಓಟದಲ್ಲಿ ಸುರಂಗವನ್ನು ಕೊರೆದು, ಎರಡು ಕಲ್ಲುಗಳ ಸಂದಿನ ನೀರು ತಾನಾಗಿಯೇ ಹರಿದು ಬರುವಂತೆ ಮಾಡಿದ್ದಾರೆ. ಏತವಿಲ್ಲ, ಎತ್ತಿಲ್ಲ. ಗಾಳಿಬೆಳಕಿಗೂ ಮಣ್ಣೆತ್ತುವುದಕ್ಕೂ ನೀರು ಸೇದುವುದಕ್ಕೂ ಮೇಲಿನಿಂದ ಇಳಿಸಿದ ೨೧ ಕಂಡಿಗಳು ಗುರುತಿಗೆ ಬಂದಿವೆ. ಬಹಮನಿಗಳ ಕಾಲದಲ್ಲಿ ಪಾರಸೀಕ ದೇಶದಿಂದ ಬಂದವರು ಕವಿತೆಯನ್ನೂ ಹೆಂಚನ್ನೂ ಮಾತ್ರ ತಂದರೆಂದು ತಿಳಿಯುವವರು ಈ ಕಂಡಿಗಳಲ್ಲೊಮ್ಮೆ ಇಣಿಕಿ ನೋಡಬೇಕು. ಶುಕ್ಲತೀರ್ಥ, ಜಮನಾ ಮೋರಿ ಎಂಬ ಇನ್ನೆರಡು ಸುರಂಗಗಳೂ ಬೀದರದಲ್ಲಿವೆ. ಕೇರಳದ ಭೂಗೋಳಶಾಸ್ತ್ರಜ್ಞ ಗೋವಿಂದನ್‌ಕುಟ್ಟಿಯವರು ನೌಬಾದಿನ ಸುರಂಗವನ್ನು ಅಳೆದು ನಕ್ಷೆ ತೆಗೆದರು. ೨೦೧೫ರ ಸುಮಾರಿಗೆ ಹೂಳೆತ್ತುವ ಕೆಲಸವೂ ನಡೆಯಿತು.

ಕಂಡಿಯಿಂದ ಕಂಡಿಗೆ ಹೋಗಲು ಬೈಸಿಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ. ನಡುವೆ ಹೊಲ, ಹೊಸ ಬಡಾವಣೆ, ರಸ್ತೆ, ಮತ್ತೆ ಹೊಲ. ಕೆಲವು ಕಂಡಿಗಳಿಗೆ ಕಟ್ಟೆಯಿದೆ. ಕೆಲವು ಮುಳ್ಳಿನ ಪೊದೆಯಲ್ಲಿವೆ. ಕಂಡಿಯಿರಬೇಕಾದ ಕೆಲವೆಡೆಗಳಲ್ಲಿ ಮನೆಗಳೆದ್ದಿವೆ. ಒಂದು ಕಂಡಿಯನ್ನು ಮುಚ್ಚಿದರೆ ಒಂದು ಬಾವಿಯನ್ನು ಮುಚ್ಚಿದಂತಲ್ಲ; ಅಲ್ಲಿ ಕುಸಿದ ಮಣ್ಣು ಸುರಂಗದ ಉದ್ದಕ್ಕೂ ನೀರನ್ನು ತಡೆಯುವುದು. ಅಕ್ಕಪಕ್ಕದಲ್ಲಿ ಕೊರೆದ ಕೊಳವೆಬಾವಿಯೂ ಅದೇ ಸಂದಿನ ನೀರನ್ನೇ ಹೀರುವುದು. ಕೋಟೆ ಗುಮ್ಮಟಗಳು ಎದ್ದು ನಿಂತಿರುವುದರಿಂದ ಅವಕ್ಕೆ ಕಾವಲುಗಾರರು ಸಿಕ್ಕಿದ್ದಾರೆ. ೨೦೧೪ರಲ್ಲಿ ದಕ್ಷಿಣದ ಸುಲ್ತಾನರ ಇತರ ಕಟ್ಟೋಣಗಳೊಡನೆ ಬೀದರದ ಹೆಸರೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಸುರಂಗವು ಕಣ್ಣಿಗೆ ಬೀಳದು. ಆದುದರಿಂದ ೨೧ ಕಂಡಿಗಳಲ್ಲಿ ಪ್ರತಿಯೊಂದರ ಪಕ್ಕದಲ್ಲಿಯೂ ಸಂಖ್ಯೆ ಕೆತ್ತಿದ ಒಂದು ಮುರಕಲ್ಲನ್ನು ನೆಡಿಸುವುದೂ, ನಿವೇಶನಗಳ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಆ ಕಲ್ಲುಗಳ ಸಾಲನ್ನು ನಕ್ಷೆಯಲ್ಲಿ ಗುರುತಿಸುವುದೂ ಆಗಬೇಕಾಗಿದೆ. ನಾನು ಹೋದ ದಿನ ಒಂದು ಕಂಡಿಯ ಸುತ್ತಲೂ ಸುಣ್ಣದ ಗೆರೆ ಎಳೆದು, ಮನೆಯ ಪಾಯಕ್ಕೆ ಗೂಟ ಹೊಡೆದಿದ್ದರು. ಕಂಡಿಯೊಳಗೆ ಹರಳು ಹಾಕಿ ಕಿವಿಗೊಟ್ಟಾಗ ನೀರಿನ ಸದ್ದು ಕೇಳಿಸಿತು.