ಸ್ಪ್ರಿಂಗಿನ ಗಾಳಿಕೋವಿ ನಡೆದುಬಂದ ದಾರಿ

ಮಲೆನಾಡಿನ ಹುಡುಗರು ಆಡುತ್ತಿದ್ದ ಪೆಟ್ಲೆಂಬ ಆಟದ ಕೋವಿಯನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಗೇಣುದ್ದದ ಬಿದಿರಿನ ಕೊಳವೆ. ಅದರ ಮುಂತುದಿಯಲ್ಲಿ ಬಿಗಿಯಾಗಿ ಕೂತ ಒಂದು ಹಸಿಯ ಕಾಯಿ. ಹಿಂತುದಿಯಿಂದ ತುರುಕಿದ ಮತ್ತೊಂದು ಕಾಯಿ. ಹಿಂದಣ ಕಾಯನ್ನು ಕಡ್ಡಿಯಿಂದ ರಭಸವಾಗಿ ದೂಡಿದರೆ ಎರಡರ ನಡುವಣ ಗಾಳಿಯು ಇಕ್ಕಟ್ಟಿಗೆ ಸಿಕ್ಕಿ ಮುಂದಣ ಕಾಯನ್ನು ಸದ್ದಿನೊಡನೆ ಹೊರಕ್ಕೆ ಹಾರಿಸುತ್ತದೆ. ಅಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಹುಡುಗನ ತೋಳಿನ ಬಲವೇ ಮದ್ದು. ಈ ಹುಡುಗಾಟದ ತತ್ತ್ವವನ್ನು ಉಕ್ಕಿಗೆ ಇಳಿಸಿ, ಯೂರೋಪು ಅಮೆರಿಕಾಗಳ ಕುಶಲಿಗಳು ಹಲವು ತಲೆಮಾರುಗಳ ಕಾಲ ತಿದ್ದಿ ತೀಡಿದುದರ ಫಲವೇ ಸ್ಪ್ರಿಂಗಿನ ಗಾಳಿಕೋವಿ.

ಬಯಲಿನಲ್ಲಿ ಗುರಿಯಿಟ್ಟು ಹೊಡೆಯಬೇಕೆಂಬವನು ಇಂತಹ ಕೋವಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಅಂಗಡಿಗೆ ಹೋದವರೆಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವುದು ಹೆಚ್ಚು ಬಲವುಳ್ಳದ್ದು? ಆದರೆ ಈ ಯಂತ್ರದ ಚರಿತ್ರೆಯನ್ನು ನೋಡಿದರೆ, ಪ್ರಶ್ನೆಯನ್ನೇ ಬೇರೆಯಾಗಿ ಕೇಳಬೇಕೆಂಬುದು ನಮಗೆ ಹೊಳೆಯುತ್ತದೆ. ಆ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದೇ ನಮ್ಮ ಉದ್ದೇಶ.

ಗಾಳಿಕೋವಿಗಳ ವಂಶದಲ್ಲಿ ಆದಿಯಿಂದಲೂ ಎರಡು ಕವಲುಗಳುಂಟು. ಗಾಳಿಯನ್ನು ಮೊದಲೇ ಒಂದು ಬುರುಡೆಯಲ್ಲಿ ತುಂಬಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ವೆಚ್ಚಮಾಡುವುದು ಒಂದು ಕವಲು. ಆಯಾ ಹೊಡೆತಕ್ಕೆ ಬೇಕಾದ ಗಾಳಿಯನ್ನು ಆಯಾ ಕ್ಷಣದಲ್ಲಿಯೇ ಒತ್ತಿ ಹೊರಡಿಸುವುದು ಇನ್ನೊಂದು. ಸ್ಟಾಕ್‌ಹೋಮ್ ನಗರದ ರಾಜಶಸ್ತ್ರಾಗಾರದ ವಸ್ತುಸಂಗ್ರಹಾಲಯದಲ್ಲಿ ಸುಮಾರು ೧೫೮೦ರ ಕಾಲದ ಗಾಳಿಕೋವಿಯೊಂದಿದೆ. ಅದು ಎರಡನೆಯ ಕವಲಿಗೆ ಸೇರಿದ್ದು. ಕಮ್ಮಾರನ ಕುಲುಮೆಯಲ್ಲಿರುವಂತಹ ತಿದಿಯಿಂದ ಕೆಲಸಮಾಡತಕ್ಕದ್ದು. ನಮಗೆ ತಿಳಿದಿರುವ ಯಾಂತ್ರಿಕ ಗಾಳಿಕೋವಿಗಳಲ್ಲಿ ಅದೇ ಅತಿ ಹಳೆಯದೆಂದು ಎಣಿಸಲ್ಪಟ್ಟಿದೆ.

ಆದರೂ ಮೊದಲು ಕೀರ್ತಿ ಪಡೆದದ್ದು ಬುರುಡೆಯ ಕವಲೇ. ಟಿರೋಲ್ ಪ್ರಾಂತದ ಬಾರ್ತೊಲೊಮೆಯೊ ಜಿರಾರ್ದೋನಿಯೆಂಬ ಕುಶಲಿಯು ರಚಿಸಿದ ಗಾಳಿಕೋವಿಯನ್ನು ೧೭೮೦ರ ಸುಮಾರಿನಲ್ಲಿ ಆಸ್ಟ್ರಿಯಾದ ಸೈನ್ಯವು ಸ್ವೀಕರಿಸಿತು. ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಒಂದರ ಹಿಂದೊಂದರಂತೆ ಅದು ಹಾರಿಸಬಲ್ಲುದಾಗಿತ್ತು. ೧೮೦೩ರಲ್ಲಿ ಅಮೆರಿಕಾದ ಪಶ್ಚಿಮದ ಅಜ್ಞಾತ ಸೀಮೆಗಳನ್ನು ಶೋಧಿಸಲು ಹೊರಟ ಮೆರಿವೆದರ್ ಲೂಯಿಸನೂ ಒಂದು ಗಾಳಿಕೋವಿಯನ್ನು ಜೊತೆಗೊಯ್ದಿದ್ದನು. ಯಾತ್ರೆಯ ಮೊದಲ ದಿನವೇ, ನೋಡಲು ಬಂದವನೊಬ್ಬನ ಕೈಯಲ್ಲಿ ಆ ಕೋವಿ ತಾನಾಗಿ ಹಾರಿ, ದೂರದಲ್ಲಿ ನಿಂತಿದ್ದ ಹೆಂಗಸೊಬ್ಬಳ ತಲೆಯನ್ನು ಸವರಿತು. ದೈವಕೃಪೆಯಿಂದ ಗಾಯವು ಪ್ರಾಣಾಂತಕವಾಗಲಿಲ್ಲ. ಗಾಳಿಕೋವಿಯೆಂದರೆ ಆಟಿಕೆಯೆಂದು ತಿಳಿಯುವವರು ಈ ಸಂಗತಿಯನ್ನು ಮರೆಯಬಾರದು.

ಜಿರಾರ್ದೋನಿಯ ಕೋವಿಗೆ ಬಲವಿತ್ತು. ಆದರೆ ಅದು ಸ್ವತಂತ್ರವಾಗಿರಲಿಲ್ಲ. ಬುರುಡೆಯನ್ನು ತುಂಬಲು ಕೈಪಂಪನ್ನು ಸುಮಾರು ೧೫೦೦ ಸಲ ಒತ್ತಬೇಕಾಗಿತ್ತು. ಬುರುಡೆಗೆ ಪೆಟ್ಟಾದರೆ, ಚರ್ಮದ ಬಿರಡೆ ಒಣಗಿದರೆ, ರಿಪೇರಿಮಾಡುವವರು ಹತ್ತಿರದಲ್ಲಿರಬೇಕು. ೧೮೧೫ರ ಹೊತ್ತಿಗೆ ಅದು ಸೈನ್ಯದಿಂದ ಮರೆಯಾಯಿತು. ಬಯಲಿಗೆ ಹೋಗುವವನು ತನ್ನ ಬಲವನ್ನು ತಾನೇ ಹೊತ್ತೊಯ್ಯುವಂತಿರಬೇಕು, ಹೊರಗಿನ ಸಲಕರಣೆಗೆ ಕೈಚಾಚುವಂತಿರಬಾರದು ಎಂಬುದು ಚರಿತ್ರೆಯು ಕಲಿಸಿದ ಮೊದಲನೆಯ ಪಾಠ.

ಆ ಸ್ವಾತಂತ್ರ್ಯವನ್ನು ತಂದುಕೊಟ್ಟದ್ದು ಉಕ್ಕಿನ ಸುರುಳಿ, ಅಂದರೆ ಸ್ಪ್ರಿಂಗು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹ್ಯಾವಿಲೆಂಡ್ ಮತ್ತು ಗನ್ ಎಂಬ ಜೊತೆಗಾರರೂ, ಹೆನ್ರಿ ಕ್ವಾಕೆನ್‌ಬುಷ್ ಎಂಬಾತನೂ, ತಿದಿಯ ಬದಲು ಕೊಂತವನ್ನೂ ಸ್ಪ್ರಿಂಗನ್ನೂ ಬಳಸಿದ ಕೋವಿಗಳನ್ನು ಪ್ರಚಾರಕ್ಕೆ ತಂದರು. ಮಿಚಿಗನ್ನಿನ ಪ್ಲಿಮತ್ ಎಂಬ ಊರಿನಲ್ಲಿ ಗಾಳಿಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆಯೊಂದು ೧೮೮೦ರ ದಶಕದಲ್ಲಿ ಲೋಹದ ಚಿಕ್ಕ ಗಾಳಿಕೋವಿಯನ್ನು ತಯಾರಿಸತೊಡಗಿತು. ಡೈಸಿಯೆಂಬ ಹೆಸರಿನ ಆ ಕೋವಿಗೆ ಗಾಳಿಯಂತ್ರಕ್ಕಿಂತ ಹೆಚ್ಚಿನ ಗಿರಾಕಿ ಬಂದಿತು. ೧೮೯೫ರಲ್ಲಿ ಕಾರ್ಖಾನೆಯು ತನ್ನ ಹೆಸರನ್ನೇ ಡೈಸಿಯೆಂದು ಬದಲಾಯಿಸಿಕೊಂಡಿತು. ಆದರೆ ಇವೆಲ್ಲವೂ ಬಹುಮಟ್ಟಿಗೆ ಅಂಗಳದ ಆಟಕ್ಕೂ ಹಜಾರದ ವಿನೋದಕ್ಕೂ ಒಪ್ಪುವ ಕೋವಿಗಳು.

ಬಯಲಿಗೆ ಯೋಗ್ಯವಾದ ಕೋವಿಯು ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಿಂದ. ಬೋಯರ್ ಯುದ್ಧವು ೧೯೦೨ರಲ್ಲಿ ಮುಗಿದ ತರುವಾಯ ಅಲ್ಲಿಯ ದೊಡ್ಡ ಬಂದೂಕಿನ ಕಾರ್ಖಾನೆಯಾದ ಬಿ.ಎಸ್.ಎ. ಸಂಸ್ಥೆಗೆ ಸೈನ್ಯದ ಬೇಡಿಕೆ ತಗ್ಗಿತ್ತು. ಅದೇ ಊರಿನ ಲಿಂಕನ್ ಜೆಫ್ರೀಸ್ ಎಂಬ ಕೋವಿಗಾರನು ೧೯೦೪ರಲ್ಲಿ ಹೊಸ ಮಾದರಿಯೊಂದಕ್ಕೆ ಹಕ್ಕುಪತ್ರ ಪಡೆದನು. ಅದನ್ನು ಬಿ.ಎಸ್.ಎ. ತಯಾರಿಸಿತು. ಆ ಮಾದರಿಯ ವಿಶೇಷವನ್ನು ತಿಳಿಯಬೇಕಾದರೆ ಸ್ಪ್ರಿಂಗಿನ ಕೋವಿಯು ಕೆಲಸಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು.

ಕೋವಿಯ ಮೈಯೊಳಗೆ ಒಂದು ಉರುಳೆ, ಅದರಲ್ಲಿ ಹಿಂದೆಮುಂದೆ ಚಲಿಸುವ ಕೊಂತ, ಕೊಂತದ ಹಿಂದೆ ಸ್ಪ್ರಿಂಗು. ಸನ್ನೆಗೋಲಿನಿಂದ ಕೊಂತವನ್ನು ಹಿಂದಕ್ಕೆಳೆದರೆ ಸ್ಪ್ರಿಂಗು ಮುದುಡಿ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರನ್ನು ಒತ್ತಿದೊಡನೆ ಕೊಂತವು ಮುಂದಕ್ಕೆ ನುಗ್ಗಿ, ಉರುಳೆಯ ಗಾಳಿಯನ್ನು ಕಿರಿದಾದ ರಂಧ್ರದ ಮೂಲಕ ಗುಂಡಿನ ಬೆನ್ನಿಗೆ ಒತ್ತುತ್ತದೆ. ಸ್ಪ್ರಿಂಗನ್ನು ಮುದುಡಿಸುವ ಸನ್ನೆಗೋಲು ಎರಡು ವಿಧ. ಕೋವಿಯ ನಳಿಗೆಯನ್ನೇ ನಡುವಿನ ಕೀಲಿನಲ್ಲಿ ಬಗ್ಗಿಸಿ ಸನ್ನೆಯಾಗಿ ಬಳಸುವುದು ಒಂದು ವಿಧ. ನಳಿಗೆಯನ್ನು ಅಲುಗದಂತೆ ಬಿಗಿದು, ಅದರ ಕೆಳಗೆ ಬೇರೊಂದು ಸನ್ನೆಯನ್ನಿಡುವುದು ಮತ್ತೊಂದು ವಿಧ. ಜೆಫ್ರೀಸನು ಆರಿಸಿದ್ದು ಎರಡನೆಯದನ್ನು. ಗುರಿಯ ಕಣ್ಣುಗಳೂ ನಳಿಗೆಯೂ ಎಂದೆಂದಿಗೂ ಒಂದೇ ನೇರದಲ್ಲಿ ನಿಲ್ಲಬೇಕೆಂಬುದು ಅವನ ಅಭಿಪ್ರಾಯ.

ಈ ಎರಡು ವಿಧಗಳ ನಡುವಣ ಆಯ್ಕೆಯು ಇಂದಿಗೂ ಮುಗಿದಿಲ್ಲ. ಬಗ್ಗುವ ನಳಿಗೆಯ ಕೋವಿಯು ಹಗುರ. ಗುಂಡು ತುಂಬಲು ಸುಲಭ. ದಿನವೆಲ್ಲ ಹೊಲಗದ್ದೆಗಳಲ್ಲಿ ಹೊತ್ತು ನಡೆಯುವವನಿಗೆ ಹಿತ. ಆದರೆ ಅದರ ಕೀಲು ಸವೆದರೆ ಗುರಿಯೂ ಕೆಡುತ್ತದೆ. ಕೆಳಸನ್ನೆಯ ಕೋವಿಯು ಭಾರ. ಕೆಲವು ೯ ಪೌಂಡನ್ನೂ ಮೀರುತ್ತವೆ. ಆದರೆ ಆ ಭಾರವೇ ಅದನ್ನು ಭುಜದ ಮೇಲೆ ನಿಶ್ಚಲವಾಗಿ ನಿಲ್ಲಿಸುತ್ತದೆ. ಬರ್ಮಿಂಗ್‌ಹ್ಯಾಮಿನ ಇನ್ನೊಂದು ಸಂಸ್ಥೆಯಾದ ವೆಬ್ಲಿಯು ೧೯೩೨ರಲ್ಲಿ ಹೊರತಂದ ಸರ್ವಿಸ್ ಕೋವಿಯಲ್ಲಿ ಬೇಕಾದಾಗ ನಳಿಗೆಯನ್ನು ಕಳಚಿ ಬೇರೊಂದು ಅಳತೆಯದನ್ನು ಜೋಡಿಸಬಹುದಾಗಿತ್ತು. ಹೀಗೆ ಎರಡು ಬಗೆಯ ಗುಣಗಳನ್ನೂ ಒಂದೇ ಮೈಯಲ್ಲಿ ಕೂಡಿಸುವ ಪ್ರಯತ್ನಗಳೂ ನಡೆದುವು.

ಎರಡನೆಯ ಮಹಾಯುದ್ಧವು ಈ ಕುಶಲ ಕೈಗಾರಿಕೆಯನ್ನು ಚೆಲ್ಲಾಪಿಲ್ಲಿಮಾಡಿತು. ಜರ್ಮನಿಯ ರಾಸ್ಟಾಟ್ ಎಂಬಲ್ಲಿ ಡಯಾನಾ ಕೋವಿಗಳನ್ನು ಮಾಡುತ್ತಿದ್ದ ಕಾರ್ಖಾನೆಯ ಯಂತ್ರಗಳು ಯುದ್ಧಾನಂತರ ಸ್ಕಾಟ್ಲೆಂಡಿನ ಮಿಲ್‌ಬ್ರೋ ಸಂಸ್ಥೆಯ ಪಾಲಾದುವು. ಡಯಾನಾ ಎಂಬ ಹೆಸರೂ ಅವುಗಳ ಜೊತೆಗೆ ಹೋಯಿತು. ಥುರಿಂಜಿಯಾದ ವೈಹ್ರಾಖ್ ಮನೆತನವು ೧೯೪೮ರಲ್ಲಿ ಬವೇರಿಯಾದ ಮೆಲ್‌ರಿಖ್‌ಸ್ಟಾಟ್ ಎಂಬ ಊರಿಗೆ ಬಂದು ನೆಲೆಸಿ ಮತ್ತೆ ಕೆಲಸ ತೊಡಗಿತು. ೧೯೫೧ರಲ್ಲಿ ಆ ಮನೆತನವು ಹೊರತಂದ ಹೆಚ್.ಡಬ್ಲ್ಯು. ೩೫ ಎಂಬ ಬಗ್ಗುವ ನಳಿಗೆಯ ಕೋವಿಯು ಹಲವು ದಶಕಗಳವರೆಗೆ ಬಯಲಿನ ಕೋವಿಗಳಿಗೆ ಮಾದರಿಯಾಗಿ ನಿಂತಿತು.

ಬಲವು ಹೆಚ್ಚಿದಂತೆಲ್ಲ ಒಂದು ತೊಡಕೂ ಹೆಚ್ಚಿತು. ಕೊಂತವು ಮುಂದಕ್ಕೆ ನುಗ್ಗುವಾಗ ಕೋವಿಯು ಹಿಂದಕ್ಕೆ ಒದೆಯುತ್ತದೆ. ಕೊಂತವು ಉರುಳೆಯ ಕೊನೆಯನ್ನು ಮುಟ್ಟಿ ನಿಂತಾಗ ಕೋವಿಯು ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆಯನ್ನು ಬಿಡುವ ಮುನ್ನವೇ ಈ ಅಲುಗಾಟವೆಲ್ಲ ತೊಡಗಿರುತ್ತದೆ. ಆದಕಾರಣ ಸ್ಪ್ರಿಂಗಿನ ಕೋವಿಯನ್ನು ಬಿಗಿಯಾಗಿ ಹಿಡಿದವನಿಗಿಂತ, ಅಂಗೈಯ ಮೇಲೆ ಹಗುರವಾಗಿ ಒರಗಿಸಿ, ಪ್ರತಿಸಲವೂ ಒಂದೇ ರೀತಿಯಲ್ಲಿ ಹಿಡಿದವನ ಗುರಿ ಚೆನ್ನು. ಇಂಗ್ಲೆಂಡಿನ ಕಾರ್ಡ್ಯೂ ಎಂಬ ತಂದೆಮಕ್ಕಳು ನಡೆಸಿದ ಪರೀಕ್ಷೆಗಳು ಇನ್ನೊಂದು ವಿಷಯವನ್ನು ಬೆಳಕಿಗೆ ತಂದುವು. ಬಲವಾದ ಸ್ಪ್ರಿಂಗಿನ ಕೋವಿಯನ್ನು ನೈಟ್ರೋಜನ್ ಅನಿಲದಲ್ಲಿಟ್ಟು ಹಾರಿಸಿದಾಗ ಅದರ ಶಕ್ತಿಯು ಕುಗ್ಗಿತು. ಅಂದರೆ, ಒತ್ತಡದಿಂದ ಕಾದ ಗಾಳಿಯಲ್ಲಿ ಉರುಳೆಯ ಎಣ್ಣೆಯು ಕಿಂಚಿತ್ತಾಗಿ ಉರಿದು ಗುಂಡಿಗೆ ನೂಕುಬಲ ಕೊಡುತ್ತಿತ್ತು. ಕೋವಿಯು ಹಾರುವ ಬಗೆಗಳನ್ನು ಅವರು ನಾಲ್ಕಾಗಿ ವಿಂಗಡಿಸಿದರು. ಮೊದಲನೆಯದಕ್ಕೆ ಊದುಗೊಳವೆಯ ಹೆಸರನ್ನೂ, ಎರಡನೆಯದಕ್ಕೆ ನಮ್ಮ ಪೆಟ್ಲಿನಂತಹ ಆಟದ ಕೋವಿಯ ಹೆಸರನ್ನೂ ಇಟ್ಟರು. ಮೂರನೆಯದು ದಹನ, ನಾಲ್ಕನೆಯದು ಸ್ಫೋಟ. ಎಣ್ಣೆಯನ್ನು ಹೆಚ್ಚಾಗಿ ಬಿಟ್ಟು ಸದ್ದನ್ನೂ ರಭಸವನ್ನೂ ಕಂಡು ಹಿಗ್ಗುವವನು ಈ ನಾಲ್ಕನೆಯದನ್ನು ಕರೆಯುತ್ತಿರುವನಲ್ಲದೆ ಕೋವಿಗೆ ಉಪಕಾರಮಾಡುತ್ತಿಲ್ಲ. ಅದರಿಂದ ಸ್ಪ್ರಿಂಗೂ ಕೊಂತದ ಬಿರಡೆಯೂ ಬೇಗನೆ ಹಾಳಾಗುತ್ತವೆ.

ಬಲದ ಓಟಕ್ಕೆ ಕಡಿವಾಣ ಹಾಕಿದ್ದು ಕಾನೂನು. ಬ್ರಿಟನ್ನಿನ ೧೯೬೯ರ ನಿಯಮಗಳು ೧೨ ಅಡಿ-ಪೌಂಡು ಶಕ್ತಿಯನ್ನು ಮೀರಿದ ಗಾಳಿಬಂದೂಕನ್ನು ಅಪಾಯಕರವೆಂದು ಎಣಿಸಿ ಪರವಾನಗಿಗೆ ಒಳಪಡಿಸಿದುವು. ಒಂದು ಪೌಂಡು ತೂಕವನ್ನು ಒಂದು ಅಡಿ ಮೇಲೆತ್ತುವ ಶಕ್ತಿಗೆ ಅಡಿ-ಪೌಂಡೆಂದು ಹೆಸರು. ಬೇಲಿಯಂತೆ ತೋರಿದ ಈ ಮಿತಿಯಿಂದಲೇ ಕಲೆಯು ಬೆಳೆಯಿತೆಂಬುದು ನಮ್ಮ ಎಣಿಕೆ. ಬಲದಲ್ಲಿ ಒಬ್ಬರನ್ನೊಬ್ಬರು ಮೀರಿಸಲಾರದ ತಯಾರಕರು ನಯದಲ್ಲಿ ಮೀರಿಸತೊಡಗಿದರು. ಸ್ಪ್ರಿಂಗಿನ ಗುಂಯ್ಗುಟ್ಟುವಿಕೆಯನ್ನು ಅಡಗಿಸುವುದು, ಟ್ರಿಗರನ್ನು ಮೃದುಗೊಳಿಸುವುದು, ಒದೆತವನ್ನು ತಗ್ಗಿಸುವುದು, ಇವೇ ಮುಂದಿನ ಕೆಲಸವಾದುವು. ೧೯೮೦ರ ದಶಕದಲ್ಲಿ ಬಂದ ಹೆಚ್.ಡಬ್ಲ್ಯು. ೭೭ ಎಂಬ ಕೆಳಸನ್ನೆಯ ಕೋವಿಯು ಜೆಫ್ರೀಸನ ವಿಚಾರಕ್ಕೆ ಮತ್ತೆ ಪಟ್ಟಕಟ್ಟಿತು. ಅದೇ ಕಾಲದಲ್ಲಿ ಥಿಯೋಬೆನ್ ಸಂಸ್ಥೆಯು ಸ್ಪ್ರಿಂಗಿಗೆ ಬದಲಾಗಿ ಮುಚ್ಚಿದ ಅನಿಲವನ್ನೇ ಕೊಂತದ ಹಿಂದಿರಿಸಿತು.

ಗುಂಡಿನ ಅಳತೆಯನ್ನು ಆರಿಸುವುದರಲ್ಲಿಯೂ ಇದೇ ವಿವೇಕ ಬೇಕು. ೧೨ ಅಡಿ-ಪೌಂಡಿನ ಒಂದೇ ಶಕ್ತಿಯಿಂದ ೪.೫ ಮಿಲಿಮೀಟರಿನ ೮.೪ ಗ್ರೇನು ತೂಕದ ಗುಂಡು ಕ್ಷಣಕ್ಕೆ ಸುಮಾರು ೮೦೦ ಅಡಿ ಓಡಿದರೆ, ೫.೫ ಮಿಲಿಮೀಟರಿನ ೧೪.೫ ಗ್ರೇನಿನ ಗುಂಡು ಸುಮಾರು ೬೧೦ ಅಡಿ ಓಡುತ್ತದೆ. ಚಿಕ್ಕ ಗುಂಡಿನ ಹಾದಿ ಹೆಚ್ಚು ನೇರವಾದುದರಿಂದ ದೂರವನ್ನು ಅಂದಾಜುಮಾಡುವಲ್ಲಿ ಆದ ತಪ್ಪನ್ನು ಅದು ಕ್ಷಮಿಸುತ್ತದೆ. ದೊಡ್ಡ ಗುಂಡಿನ ಪೆಟ್ಟು ಅಗಲವಾದುದು. ಆದರೆ ದೂರದ ಅಂದಾಜು ತಪ್ಪಿದರೆ ಅದು ಬೇಗನೆ ಕೆಳಗಿಳಿಯುತ್ತದೆ.

ಬಲಕ್ಕಿಂತ ನಿಖರತೆಯೇ ಮೇಲೆಂಬುದನ್ನು ಬಯಲಿನಲ್ಲಿಯೇ ನಿರ್ಣಯಿಸಿದ ಕ್ರೀಡೆಯೊಂದು ೧೯೮೦ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಪ್ರಾಣಿಪಕ್ಷಿಗಳ ಆಕಾರದಲ್ಲಿ ಕತ್ತರಿಸಿದ ಲೋಹದ ತಗಡುಗಳನ್ನು ಗಿಡಮರಗಳ ನಡುವೆ ೫೫ ಗಜ ದೂರದವರೆಗೆ ನಿಲ್ಲಿಸುತ್ತಾರೆ. ತಗಡಿನಲ್ಲಿ ಒಂದು ಚಿಕ್ಕ ವೃತ್ತ. ಅದರೊಳಗೆ ಗುಂಡು ಹೊಕ್ಕರೆ ಮಾತ್ರ ಗುರಿ ಬೀಳುತ್ತದೆ. ಮೈಗೆ ತಾಗಿದರೂ ವೃತ್ತ ತಪ್ಪಿದರೆ ಫಲವಿಲ್ಲ. ಗಾಯಗೊಳಿಸಿದ ಹೊಡೆತಕ್ಕೆ ಬೆಲೆಯಿಲ್ಲವೆಂಬ ಈ ನಿಯಮದಲ್ಲಿ ಧರ್ಮವೂ ಕಲೆಯೂ ಕೂಡಿಕೊಂಡಿವೆ. ಈ ಪಂದ್ಯಗಳಲ್ಲಿ ಬುರುಡೆಯ ಕವಲು ಮತ್ತೆ ಮುಂದಾಗಿದೆಯೆಂಬುದು ನಿಜ, ಅದಕ್ಕೆ ಒದೆತವಿಲ್ಲ. ಆದರೂ ಸ್ಪ್ರಿಂಗಿನ ಕೋವಿಯನ್ನೇ ಹಿಡಿದು ಕಲಿತವನ ಕೈ ಹೆಚ್ಚು ಪಳಗುತ್ತದೆ. ಏಕೆಂದರೆ ಆ ಕೋವಿಯು ಹಿಡಿದವನ ತಪ್ಪನ್ನು ಮರೆಮಾಚುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಕಾಡುಪ್ರಾಣಿಪಕ್ಷಿಗಳ ಬೇಟೆಯನ್ನು ನಿಷೇಧಿಸಿವೆ. ೨೦೧೬ರ ಶಸ್ತ್ರಾಸ್ತ್ರ ನಿಯಮಗಳು ೪.೫ ಮಿಲಿಮೀಟರಿನ ನಳಿಗೆ ಮತ್ತು ೨೦ ಜೂಲು ಶಕ್ತಿ ಎಂಬ ಎಲ್ಲೆಯನ್ನು ಎಳೆದು, ಅದನ್ನು ಮೀರಿದ ಗಾಳಿಕೋವಿಗೆ ಪರವಾನಗಿ ಬೇಕೆಂದುವು. ಎಲ್ಲೆಯೊಳಗಿನ ಕೋವಿಯಿಂದಲೂ ಹಕ್ಕಿಗಳ ಮಾರಣಹೋಮ ನಡೆಯಬಲ್ಲುದು. ಅರುಣಾಚಲ ಪ್ರದೇಶದಲ್ಲಿ ಇದನ್ನು ಮನಗಂಡು ೨೦೨೧ರ ಮಾರ್ಚಿಯಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್ ಎಂಬ ಹಳ್ಳಿಯಿಂದ ಗಾಳಿಕೋವಿಗಳನ್ನು ಒಪ್ಪಿಸುವ ಚಳುವಳಿಯೊಂದು ಪ್ರಾರಂಭವಾಯಿತು. ಜನರು ತಾವಾಗಿಯೇ ಸಾವಿರಕ್ಕೂ ಹೆಚ್ಚು ಕೋವಿಗಳನ್ನು ತಂದೊಪ್ಪಿಸಿದರು. ಇತ್ತ ೨೦೦೮ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ೧೦ ಮೀಟರು ಗಾಳಿಕೋವಿಯ ಪಂದ್ಯದಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನದ ಪದಕವನ್ನು ಗೆದ್ದಿದ್ದರು. ಒಂದೇ ವಂಶದ ಯಂತ್ರದಿಂದ ಒಂದೆಡೆ ಕಾಡು ಮೌನವಾಯಿತು, ಇನ್ನೊಂದೆಡೆ ದೇಶಕ್ಕೆ ಕೀರ್ತಿ ಬಂದಿತು.

ಆದುದರಿಂದ ಕೋವಿಯನ್ನು ಆರಿಸುವವನಿಗೆ ನಾವು ಹೇಳತಕ್ಕದ್ದು ಇಷ್ಟೇ. ಬಹಳ ದೂರ ಹೊತ್ತು ನಡೆಯುವವನಾದರೆ ಬಗ್ಗುವ ನಳಿಗೆಯ ಹಗುರವಾದ ಕೋವಿ. ಒಂದೆಡೆ ಕುಳಿತು ನಿಖರವಾಗಿ ಹೊಡೆಯುವವನಾದರೆ ಕೆಳಸನ್ನೆಯ ಭಾರವಾದ ಕೋವಿ. ಎರಡರಲ್ಲಿಯೂ ಅತಿಬಲದ್ದನ್ನು ಬಿಟ್ಟು, ಅಲುಗಾಟ ಕಡಿಮೆಯಿರುವುದನ್ನು ಆರಿಸತಕ್ಕದ್ದು. ಗುರಿಯನ್ನು ಆರಿಸುವುದು ಅದಕ್ಕಿಂತಲೂ ಮೊದಲಿನ ಕೆಲಸ. ನಮ್ಮ ನಾಡಿನಲ್ಲಿ ಆ ಗುರಿಯು ಕಾಗದದ್ದೋ ತಗಡಿನದೋ ಆಗಿರಲಿ. ಕೊಂಬೆಯ ಮೇಲಣ ಹಕ್ಕಿಯ ಮೇಲೆ ಕಣ್ಣು ನೆಟ್ಟವನಿಗೆ, ಎಷ್ಟು ಒಳ್ಳೆಯ ಕೋವಿಯನ್ನು ಕೊಟ್ಟರೂ ನಾವು ಕೊಟ್ಟದ್ದು ಕೆಟ್ಟ ಕೋವಿಯೇ.