ಗಣಿ ಮುಚ್ಚಿದ ಮೇಲೆ ನೆಲದ ಬಾಕಿ

ಜೋಲಾರಪೇಟೆಯ ಕಡೆಯಿಂದ ಬರುವ ರೈಲು ಕಾಮಸಮುದ್ರವನ್ನು ದಾಟಿ ಬಂಗಾರಪೇಟೆಯನ್ನು ಸೇರುತ್ತದೆ. ಅಲ್ಲಿಂದ ಮಾರಿಕುಪ್ಪಂಗೆ ಒಂದು ಕವಲುದಾರಿ ಉಂಟು. 1894ರಲ್ಲಿ ಅದನ್ನು ಹಾಕಿದ್ದೇ ಚಿನ್ನದ ಗಣಿಗಳ ಸಲುವಾಗಿ. ಗಣಿಯ ಊರನ್ನು ಸಮೀಪಿಸಿದವರಿಗೆ ಬೂದುಬಣ್ಣದ, ಮಟ್ಟಸ ತಲೆಯ ಗುಡ್ಡಗಳು ಕಾಣುತ್ತವೆ. ಸ್ಥಳದ ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಅವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿ. ಅದರ ತೂಕ ಸುಮಾರು 3.3 ಕೋಟಿ ಟನ್.

ಈ ಪುಡಿ ಬಂದ ಬಗೆ ಹೀಗೆ. ಕೋಲಾರದ ಸೀಮೆಯಲ್ಲಿ ಚಿನ್ನವಿದೆಯೆಂದು ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ವಿಚಾರಿಸಿ ತಿಳಿದನು. 1875ರಲ್ಲಿ ಮೈಕೆಲ್ ಲೆವೆಲ್ ಎಂಬಾತನಿಗೆ ಮೈಸೂರಿನಿಂದ ಗಣಿ ಹಕ್ಕು ದೊರೆಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಆಡಳಿತ ವಹಿಸಿಕೊಂಡಿತು. ಅದಿರನ್ನು ಹಿಟ್ಟಿನಂತೆ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಕೆಸರನ್ನು ಬಯಲಿಗೆ ಹರಿಸುವುದು ಕ್ರಮವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು; ಕೆಲಸ ಇನ್ನೂ ಬಿರುಸಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಒಟ್ಟಿನಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. ಹೊರಹೋದ ಚಿನ್ನದ ಮೇಲೆ ಸರ್ಕಾರ ರಾಜಧನ ಪಡೆಯಿತು. ಉಳಿದುಹೋದ ಪುಡಿಯ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶವಾದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ನಷ್ಟ ಬೆಳೆದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಗುಡ್ಡಗಳು ಇದ್ದಲ್ಲೇ ಉಳಿದುವು. ಗಾಳಿಗಾಲದಲ್ಲಿ ಅವುಗಳ ಧೂಳು ಮನೆಯೊಳಕ್ಕೆ, ನೀರಿನ ಪಾತ್ರೆಗೆ ಬಂದು ಬೀಳುವುದು ಅಲ್ಲಿನ ಗೃಹಿಣಿಯರಿಗೆ ಹೊಸದೇನಲ್ಲ.

ಪಟ್ಟಣದಲ್ಲಿ ಮನೆ ಬಾಡಿಗೆಗೆ ಹಿಡಿಯುವವರಿಗೆ ಮುಂಗಡದ ಹಣ ಏತಕ್ಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯನ್ನು ಇದ್ದಂತೆ ಒಪ್ಪಿಸಿದರೆ ಹಣ ವಾಪಸು. ಕೆಡಿಸಿದ್ದರೆ ರಿಪೇರಿಯ ವೆಚ್ಚ ಅದರಲ್ಲೇ ವಜಾ. ಅಮೆರಿಕದಲ್ಲಿ 1977ರ ಆಗಸ್ಟ್ 3ರಂದು ಜಾರಿಗೆ ಬಂದ ಕಾಯಿದೆಯೊಂದು ಇದೇ ನ್ಯಾಯವನ್ನು ಕಲ್ಲಿದ್ದಲ ಗಣಿಗಳಿಗೆ ಅನ್ವಯಿಸಿತು. ಗಣಿಯವನು ಅಗೆಯುವ ಮುನ್ನವೇ ಜಾಮೀನು ಹಣ ಕಟ್ಟಬೇಕು. ಹಳ್ಳ ಮುಚ್ಚಿ, ನೆಲ ತಿದ್ದಿ, ನೀರಿನ ಹರಿವು ಸರಿಪಡಿಸಿದಾಗ ನೂರಕ್ಕೆ 60ರವರೆಗೆ ಬಿಡುಗಡೆಯಾಗುತ್ತದೆ. ಹಸುರು ಹಿಡಿದ ಮೇಲೆ ಇನ್ನೊಂದು ಭಾಗ ಸಿಗುತ್ತದೆ. ಕೊನೆಯ ಕಂತಿಗೆ ಮಾತ್ರ ಐದು ವರ್ಷ, ಮಳೆ ಕಡಮೆಯಿರುವ ಸೀಮೆಗಳಲ್ಲಿ ಹತ್ತು ವರ್ಷ ಕಾಯಬೇಕು. ಫೋಟೋ ತೆಗೆಸಲು ನೆಟ್ಟ ಸಸಿ ಅಷ್ಟು ದಿನ ಬಾಳುವುದಿಲ್ಲ. ಬೇರು ಬಿಟ್ಟದ್ದು ಬಾಳುತ್ತದೆ.

ನಮ್ಮ ದೇಶದಲ್ಲಿ ಖನಿಜ ಗಣಿಗಳಿಗೆ ಮುಚ್ಚುವ ಯೋಜನೆಯನ್ನೂ ಜಾಮೀನನ್ನೂ ಕಡ್ಡಾಯ ಮಾಡಿದ್ದು 2003ರ ಏಪ್ರಿಲ್‌ನಲ್ಲಿ. ಯಂತ್ರಗಳಿಂದ ನಡೆಯುವ ಗಣಿಗಳಿಗೆ ಆಗ ಗೊತ್ತುಮಾಡಿದ ದರ ಹೆಕ್ಟೇರಿಗೆ 25,000 ರೂಪಾಯಿ. 2017ರ ನಿಯಮಗಳು ಅದನ್ನು 3 ಲಕ್ಷಕ್ಕೆ ಏರಿಸಿದುವು. ಹದಿನಾಲ್ಕು ವರ್ಷದಲ್ಲಿ ಹನ್ನೆರಡು ಪಾಲು ಏರಿಸಬೇಕಾಯಿತೆಂದರೆ, ಮೊದಲಿನ ಅಂದಾಜು ಎಷ್ಟು ಅಲ್ಪವಾಗಿತ್ತೆಂದು ಊಹಿಸಬಹುದು. ಕಲ್ಲಿದ್ದಲ ಗಣಿಗಳಿಗೆ 2009ರಲ್ಲಿ ಬೇರೆ ಕ್ರಮ ಬಂತು: ಪ್ರತಿ ವರ್ಷ ಹಣ ಪ್ರತ್ಯೇಕ ಖಾತೆಗೆ ಸೇರಬೇಕು, ಕೆಲಸವನ್ನು ಪರೀಕ್ಷಿಸಿ ಹಂತಹಂತವಾಗಿ ಹಿಂದಿರುಗಿಸಬೇಕು.

ಕೋಲಾರದ ಗಣಿ ಮುಚ್ಚಿದ್ದು 2001ರಲ್ಲಿ, ನಿಯಮ ಬಂದದ್ದು 2003ರಲ್ಲಿ. ಎರಡು ವರ್ಷದ ಅಂತರದಲ್ಲಿ ಈ ನೆಲ ಜಾಮೀನಿಲ್ಲದ ನೆಲವಾಯಿತು. ಅಮೆರಿಕದ ಕಾಯಿದೆ ಇಂಥ ಹಳೆಯ ಗಣಿಗಳನ್ನು ಮರೆತಿರಲಿಲ್ಲ. ಮುಂದೆ ಅಗೆಯುವ ಪ್ರತಿ ಟನ್ ಕಲ್ಲಿದ್ದಲ ಮೇಲೆ ಶುಲ್ಕ ಹಾಕಿ, ಹಿಂದಿನವರು ಬಿಟ್ಟುಹೋದ ಗಣಿಗಳ ದುರಸ್ತಿಗೆ ಅದು ನಿಧಿಯೊಂದನ್ನು ಕೂಡಿಸಿತು.

ನಮಗೂ ಒಂದು ಅವಕಾಶ ಒದಗಿದೆ. ಗುಡ್ಡಗಳ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಮೆಯಾದರೂ ಚಿನ್ನ ಉಳಿದಿದೆ. ಸುಮಾರು 1,003 ಎಕರೆಯಲ್ಲಿ ಹರಡಿರುವ 13 ಗುಡ್ಡಗಳಿಂದ ಅದನ್ನು ತೆಗೆಯುವ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಚಿನ್ನ ಹೋದರೂ ಪುಡಿ ಹೋಗುವುದಿಲ್ಲ. ಒಂದು ಕಡೆಯಿಂದ ಎತ್ತಿದ್ದನ್ನು ಇನ್ನೊಂದು ಕಡೆ ಸುರಿಯಲೇಬೇಕು. ಅದು ಎಲ್ಲಿ, ಮೇಲೆ ಯಾವ ಮಣ್ಣಿನ ಹೊದಿಕೆ, ಯಾವ ಗಿಡ, ಎಷ್ಟು ವರ್ಷದ ಆರೈಕೆ ಎಂಬುದನ್ನು ಮೊದಲು ಬರೆಸಿಕೊಂಡು, ಅದಕ್ಕೆ ತಕ್ಕ ಜಾಮೀನು ಹಣ ಕಟ್ಟಿಸಿಕೊಳ್ಳಬೇಕು. 1880ರಲ್ಲಿ ಕೇಳದೆ ಬಿಟ್ಟದ್ದನ್ನು ಕೇಳಲು, ಮೊದಲ ಬುಟ್ಟಿ ಪುಡಿ ಎತ್ತುವ ಮುಂಚಿನ ಕಾಲವೇ ಸರಿಯಾದ ಕಾಲ.