ಕಿನ್ನಾಳದ ಓಣಿ, ಭಾನಾಪುರದ ನಕ್ಷೆ

ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಭಾನಾಪುರದಲ್ಲಿ, ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಬೊಂಬೆ ಈ ಸೀಮೆಗೆ ಹೊಸದಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ತಮ್ಮ ಹಿರಿಯರು ವಿಜಯನಗರದಿಂದ ಬಂದವರೆನ್ನುತ್ತಾರೆ. ಶಾಸನದ ಪುರಾವೆ ಕೇಳುವವರು ಒಮ್ಮೆ ಅವರ ಕೈಗಳನ್ನು ನೋಡಲಿ.

ಹಗುರ ಮರ, ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು: ಬೊಂಬೆಯ ಮೈ ಇಷ್ಟರಲ್ಲೇ ಮುಗಿಯುತ್ತದೆ. ಬೇರೆಯವರು ಎಸೆದದ್ದೇ ಇಲ್ಲಿ ಕಚ್ಚಾಮಾಲು. ಒಬ್ಬರು ಕೆತ್ತಿದರೆ ಇನ್ನೊಬ್ಬರು ಅಂಟು ಅರೆಯುತ್ತಾರೆ, ಮತ್ತೊಬ್ಬರು ಬಣ್ಣ ಹಚ್ಚುತ್ತಾರೆ. ಮಕ್ಕಳು ನೋಡುತ್ತಲೇ ಕಲಿಯುತ್ತಾರೆ. ಒಡವೆಗಳಿಗೆ ಲೋಹದ ಹೊಳಪು ತರುವ ಬಗೆಗೆ ಅವರಲ್ಲಿ ‘ಲಾಜವಾರ’ ಎಂಬ ಹೆಸರು. ಉರ್ದು ಶಾಲೆಯಲ್ಲಿ ನಾನು ಕಲಿತ ‘ಲಾಜವರ್ದ್’ ನೀಲಿ ಕಲ್ಲು. ಎರಡಕ್ಕೂ ನಂಟುಂಟೋ ಏನೋ, ಕೇಳಿದಾಗ ಮಾತ್ರ ಖುಷಿಯಾಯಿತು.

ಸುಸ್ಥಿರತೆ, ನಾವೀನ್ಯ, ಕ್ಲಸ್ಟರ್ ಎಂದು ಯೋಜನಾಕಾರರು ಹೇಳುವುದೆಲ್ಲ ಈ ಓಣಿಯಲ್ಲಿ ಹೆಸರಿಲ್ಲದೆ ನಡೆದಿತ್ತು. ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಆದರೆ ಮನ್ನಣೆಯ ಕಾಗದ ಮಕ್ಕಳನ್ನು ಕಸುಬಿನಲ್ಲಿ ಉಳಿಸುವುದಿಲ್ಲ. ಪ್ಲಾಸ್ಟಿಕ್ ಆಟಿಕೆಯ ಕಾರ್ಖಾನೆ ಬರಲಿ, ನಮ್ಮ ಹೆಣ್ಣುಮಕ್ಕಳಿಗೆ ಊರ ಹತ್ತಿರವೇ ಸಂಬಳ ಸಿಗಲಿ, ಬೇಡವೆನ್ನುವವನು ನಾನಲ್ಲ. ವಿನ್ಯಾಸ ಕಲಿಸುವ ಶಾಲೆಯನ್ನು ಮಾತ್ರ ಕಿನ್ನಾಳದ ಓಣಿಯಲ್ಲೇ ತೆರೆದು, ಅಲ್ಲಿನ ಮುದುಕರನ್ನೇ ಸಂಬಳ ಕೊಟ್ಟು ಮೇಷ್ಟ್ರಾಗಿ ಕೂರಿಸಬೇಕು.